ಹಳೆಯ ಹಿಮದ ಲೆಕ್ಕ ನೋಡಿ ಆಲ್ಪ್ಸ್‌ಗೆ ಹೊರಡಿ: ಸ್ಕೀ ಪ್ರವಾಸಕ್ಕೆ ಮುಂಚಿನ ಮನೆಗೆಲಸ

2022ರ ಡಿಸೆಂಬರ್ ಕೊನೆಯ ವಾರ. ಆಸ್ಟ್ರಿಯಾದ ಒಂದು ಹಳ್ಳಿಯಲ್ಲಿ ಆರು ದಿನಕ್ಕೆ ರೂಮು ಹಿಡಿದಿದ್ದೆವು. ಊರು ಸುಮಾರು 800 ಮೀಟರ್ ಎತ್ತರದಲ್ಲಿತ್ತು. ಬೆಳಿಗ್ಗೆ ಎದ್ದು ಕಿಟಕಿ ಪರದೆ ಸರಿಸಿದರೆ ಗುಡ್ಡದ ತುಂಬಾ ಹಸಿರು ಹುಲ್ಲು. ಅದರ ಮಧ್ಯೆ ಮೇಲಿನಿಂದ ಕೆಳಗಿನವರೆಗೆ ಒಂದೇ ಒಂದು ಬಿಳಿ ಪಟ್ಟಿ, ಮದುವೆ ಮನೆಯಲ್ಲಿ ಗಂಡಿನ ಕಡೆಯವರಿಗೆ ಹಾಸಿದ ನಡೆಮಡಿಯ ಹಾಗೆ. ಅದೂ ಯಂತ್ರ ಉಗುಳಿದ ಹಿಮ. "ಏನ್ರೀ, ಇದಕ್ಕಾ ಇಷ್ಟು ದುಡ್ಡು ಕೊಟ್ಟಿದ್ದು?" ಅಂದಳು ಹೆಂಡತಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹೊಸ ವರ್ಷದ ದಿನ ಯುರೋಪಿನ ಎಷ್ಟೋ ಕಡೆ ಜನವರಿಯ ಬಿಸಿಯ ದಾಖಲೆಗಳು ಮುರಿದವು. ಸ್ವಿಟ್ಜರ್ಲೆಂಡಿನ ಡೆಲೆಮಾಂಟ್‌ನಲ್ಲಿ 20 ಡಿಗ್ರಿ ದಾಟಿತ್ತು.

ದುಡ್ಡು ಕಟ್ಟಿ ಹೊರಡುವಾಗ ಮನೆಯ ಯಜಮಾನ ತಣ್ಣಗೆ ಹೇಳಿದ: "ಇಲ್ಲಿ ಕ್ರಿಸ್ಮಸ್ ಹೊತ್ತಿಗೆ ಹೀಗೇ. ಫೆಬ್ರವರಿಯಲ್ಲಿ ಬನ್ನಿ." ಅಂದರೆ ಊರಿಗೆಲ್ಲ ಗೊತ್ತಿದ್ದ ವಿಷಯ. ನನಗೆ ಮಾತ್ರ ಗೊತ್ತಿರಲಿಲ್ಲ.

ಮ್ಯೂನಿಕ್‌ಗೆ ವಾಪಸ್ ಬರುವ ರೈಲಿನಲ್ಲಿ ನೆನಪಾಗಿದ್ದು ಅಜ್ಜನ ಮಳೆ ಪುಸ್ತಕ. ಕೊಪ್ಪದ ಹತ್ತಿರದ ತೋಟದಲ್ಲಿ ಅವರು ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "1 ಇಂಚು 40 ಸೆಂಟ್" ಅಂತ ಬರೆದಿಡುತ್ತಿದ್ದರು. ಮನೆಯಲ್ಲಿ ಯಾವ ಕಾರ್ಯ ಇಟ್ಟುಕೊಳ್ಳಬೇಕಾದರೂ ಪಂಚಾಂಗದ ಜೊತೆ ಆ ಪುಸ್ತಕವೂ ಹೊರಗೆ ಬರುತ್ತಿತ್ತು. "ಈ ವಾರದಲ್ಲಿ ಹತ್ತು ವರ್ಷಕ್ಕೆ ಏಳು ವರ್ಷ ಮಳೆ ಬಂದಿದೆ. ಬೇಡ, ಮುಂದಕ್ಕೆ ಹಾಕು" ಅನ್ನುತ್ತಿದ್ದರು. ಆಲ್ಪ್ಸ್‌ನಲ್ಲೂ ಅಂಥ ಪುಸ್ತಕಗಳಿವೆ. ಇನ್ನೂ ಹಳೆಯವು, ಇನ್ನೂ ಕರಾರುವಾಕ್ಕಾದವು. ಹೆಚ್ಚಿನವು ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅವನ್ನು ಓದಿ ಊರು, ವಾರ ಆರಿಸುವುದು ಹೇಗೆ ಅಂತ ಹೇಳುತ್ತೇನೆ. ಒಂದು ಸಂಜೆಯ ಕೆಲಸ.

1. ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ

"ಆಲ್ಪ್ಸ್‌ನಲ್ಲಿ ಎಲ್ಲಿ ಜಾಸ್ತಿ ಹಿಮ ಬೀಳುತ್ತದೆ?" ಅಂತ ಹುಡುಕಿದರೆ ಜಾಹೀರಾತು ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಕೇಳಬೇಕಾದ್ದು ಇದು: ನಾನು ಜಾರುವ ಎತ್ತರದಲ್ಲಿ, ನಾನು ಹೋಗುವ ವಾರದಲ್ಲಿ, ಹತ್ತರಲ್ಲಿ ಎಷ್ಟು ವರ್ಷ ಸಾಕಷ್ಟು ಹಿಮ ಇತ್ತು?

ಎತ್ತರದ ಮಾತು ಮೊದಲು. ಪ್ರತಿ ಸ್ಕೀ ಊರಿನ ಪಿಸ್ಟ್ (ಗುರುತು ಹಾಕಿದ, ಜಾರುವ ಇಳಿಜಾರು) ನಕ್ಷೆಯಲ್ಲಿ ಎತ್ತರಗಳನ್ನು ಬರೆದಿರುತ್ತಾರೆ. ಮೂರನ್ನು ಗುರುತು ಹಾಕಿಕೊಳ್ಳಿ: ಊರು, ಮಧ್ಯದ ಲಿಫ್ಟ್ ನಿಲ್ದಾಣ, ತುದಿ. ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಊರು ಇರುವುದು 760 ಮೀಟರ್ ಆಸುಪಾಸಿನಲ್ಲಿ, ಪಿಸ್ಟ್‌ಗಳ ತುದಿ ಸುಮಾರು 2000 ಮೀಟರ್. ಅದೇ ದೇಶದ ಓಬರ್‌ಗುರ್ಗ್ಲ್ ಊರೇ 1900 ಮೀಟರ್ ದಾಟಿದೆ. ಫ್ರಾನ್ಸಿನ ವಾಲ್ ಥೋರೆನ್ಸ್ 2300 ಮೀಟರ್. ಅಂದರೆ ಅಲ್ಲಿನ ಹೋಟೆಲ್ ಬಾಗಿಲು ಕಿಟ್ಸ್‌ಬ್ಯೂಲ್‌ನ ಗುಡ್ಡದ ತುದಿಗಿಂತ ಮೇಲಿದೆ. ಪ್ರತಿ 100 ಮೀಟರ್ ಏರಿದಂತೆ ಸುಮಾರು 0.6 ಡಿಗ್ರಿ ತಣ್ಣಗಾಗುತ್ತದೆ. ಹಾಗಾಗಿ ಊರಿನಲ್ಲಿ ಮಳೆ ಸುರಿಯುವಾಗ ಅದಕ್ಕಿಂತ 1000 ಮೀಟರ್ ಮೇಲೆ ಒಳ್ಳೆಯ ಹಿಮ ಬೀಳುತ್ತಿರಬಹುದು.

ಇಲ್ಲಿ ನಮ್ಮಂಥವರು ಎಡವುವ ಒಂದು ಜಾಗ ಇದೆ. "ತುದಿ 3000 ಮೀಟರ್ ಇದೆಯಲ್ಲ, ಹಿಮಕ್ಕೇನು ಕೊರತೆ" ಅಂದುಕೊಂಡು ಬುಕ್ ಮಾಡುತ್ತೇವೆ. ಆದರೆ ಇಂಡಿಯಾದಿಂದ ಬಂದವರಲ್ಲಿ ಹೆಚ್ಚಿನವರು ಮೊದಲ ಸಲ ಸ್ಕೀ ಕಾಲಿಗೆ ಕಟ್ಟುವವರು. ಮೊದಲ ಮೂರು ದಿನ ನಾವು ತುದಿಗೆ ಹೋಗುವುದೇ ಇಲ್ಲ. ಕಲಿಯುವವರ ಇಳಿಜಾರು ಎಷ್ಟೋ ಊರುಗಳಲ್ಲಿ ಕಣಿವೆಯ ತಳದಲ್ಲಿ, ಬಸ್ ಸ್ಟಾಪಿನ ಪಕ್ಕದಲ್ಲೇ ಇರುತ್ತದೆ. ನಾಲ್ಕು ವರ್ಷದ ಮಕ್ಕಳ ಜೊತೆ ನಾವೂ ಅಲ್ಲೇ ಬೀಳುತ್ತಾ ಏಳುತ್ತಾ ಇರುತ್ತೇವೆ. ಹಾಗಾಗಿ ನಮಗೆ ಬೇಕಾದ್ದು ತುದಿಯ ದಾಖಲೆ ಅಲ್ಲ, ಆ ತಳದ ದಾಖಲೆ. ಕಲಿಯುವ ಜಾಗ ಎಲ್ಲಿದೆ ಅಂತ ಸ್ಕೀ ಶಾಲೆಗೆ ಒಂದು ಮೇಲ್ ಹಾಕಿ ಕೇಳಿ. ಕೆಲವು ಕಡೆ ಅದು ಮಧ್ಯದ ನಿಲ್ದಾಣದ ಹತ್ತಿರ, 1800 ಅಥವಾ 2000 ಮೀಟರ್‌ನಲ್ಲಿ ಇರುತ್ತದೆ. ಅಂಥ ಊರು ಸಿಕ್ಕರೆ ಅರ್ಧ ಚಿಂತೆ ಕಳೆಯಿತು.

2. ಎರಡು ಬೇರೆ ಬೇರೆ ಸಂಖ್ಯೆಗಳು

ದಾಖಲೆಗಳಲ್ಲಿ ಎರಡು ಕಾಲಂ ಕಾಣುತ್ತದೆ. ಒಂದು ಹೊಸ ಹಿಮ: ಹಿಂದಿನ 24 ಗಂಟೆಯಲ್ಲಿ ಬಿದ್ದದ್ದು. ಇನ್ನೊಂದು ಹಿಮದ ಆಳ: ಆ ದಿನ ನೆಲದ ಮೇಲೆ ಒಟ್ಟು ನಿಂತಿರುವುದು. ಹೊಸ ಹಿಮ ಅಳೆಯುವ ಕ್ರಮ ಅಜ್ಜನ ಕ್ರಮದ ಥರಾನೇ. ಒಂದು ಬಿಳಿ ಹಲಗೆ ಇಟ್ಟಿರುತ್ತಾರೆ. ಬೆಳಿಗ್ಗೆ ಅದರ ಮೇಲಿನ ಹಿಮಕ್ಕೆ ಅಳತೆಕೋಲು ಚುಚ್ಚಿ, ಬರೆದುಕೊಂಡು, ಹಲಗೆ ಒರೆಸಿ ಮತ್ತೆ ಹಿಮದ ಮೇಲೇ ಇಟ್ಟು ಬರುತ್ತಾರೆ. ಆಳಕ್ಕೆ ನೆಲದಲ್ಲಿ ನೆಟ್ಟ ಕಂಬ ಇರುತ್ತದೆ. ಈಗ ಬಹಳ ಕಡೆ ಆ ಕೆಲಸವನ್ನು ಮೇಲಿನಿಂದ ನೋಡುವ ಸೆನ್ಸರ್ ಮಾಡುತ್ತದೆ.

ಈ ಎರಡನ್ನೂ ಬೆರೆಸಬೇಡಿ. ಹೊಸ ಹಿಮ ಹತ್ತಿಯ ಹಾಗೆ ಹಗುರ. ಒಂದು ಸೆಂಟಿಮೀಟರ್ ಹೊಸ ಹಿಮ ಕರಗಿಸಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ನೀರು. ಎರಡು ದಿನದಲ್ಲಿ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಆದ್ದರಿಂದ "ವರ್ಷಕ್ಕೆ ಹತ್ತು ಮೀಟರ್ ಹಿಮ" ಅಂತ ಊರು ಹೇಳಿಕೊಂಡರೆ ಹತ್ತು ಮೀಟರ್ ನಿಂತಿರುತ್ತದೆ ಅಂತಲ್ಲ. ಆಸ್ಟ್ರಿಯಾದ ಆರ್ಲ್‌ಬರ್ಗ್ ಪಕ್ಕದ ವಾರ್ಟ್ ಊರಿನವರು ಸುಮಾರು 11 ಮೀಟರ್ ಅಂತ ಹೇಳಿಕೊಳ್ಳುತ್ತಾರೆ. ಅದು ಇಡೀ ಚಳಿಗಾಲದ ಹೊಸ ಹಿಮವನ್ನು ದಿನದಿನ ಕೂಡಿಸಿದ ಮೊತ್ತ. ಆ ಊರು ನಿಜಕ್ಕೂ ಹಿಮಕ್ಕೆ ಹೆಸರಾದದ್ದೇ. ಆದರೆ ಪ್ರವಾಸಕ್ಕೆ ನಿಮಗೆ ಬೇಕಾದ್ದು ಆಳದ ಕಾಲಂ. ಪುಡಿ ಹಿಮದಲ್ಲಿ ಜಾರುವ ಪಳಗಿದವರು ಮಾತ್ರ ಹೊಸ ಹಿಮದ ಕಾಲಂ ನೋಡಿದರೆ ಸಾಕು.

ಸ್ಕೀ ಕಂಪನಿಗಳು ತಾವೇ ಹಾಕುವ ಸಂಖ್ಯೆಗಳನ್ನು ಸ್ವಲ್ಪ ಉಪ್ಪು ಹುಳಿ ಕಳೆದೇ ಓದಿ. ಜಿನ್‌ಮನ್ ಮತ್ತು ಜಿಟ್ಸೆವಿಟ್ಜ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕ ಮತ್ತು ಕೆನಡಾದ ಸ್ಕೀ ಊರುಗಳ ವರದಿಗಳನ್ನು ಜಾಲಾಡಿದ್ದರು. ವಾರಾಂತ್ಯ ಬಂತೆಂದರೆ ಊರಿನವರ ಲೆಕ್ಕದಲ್ಲಿ ಜಾಸ್ತಿ ಹಿಮ ಬೀಳುತ್ತಿತ್ತು! ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಆಲ್ಪ್ಸ್‌ನವರೂ ಹಾಗೇ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಅಂಗಡಿಯವನ ತಕ್ಕಡಿಗಿಂತ ಸರ್ಕಾರದ ತಕ್ಕಡಿ ವಾಸಿ, ಅಲ್ವಾ?

3. ದಾಖಲೆ ಎಲ್ಲಿ ಸಿಗುತ್ತದೆ

ಸ್ವಿಟ್ಜರ್ಲೆಂಡ್‌ಗೆ ಹೋಗುವವರು ಡಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ, ಅಂದರೆ ಎಸ್‌ಎಲ್‌ಎಫ್‌ನ ತಾಣದಿಂದ ಶುರು ಮಾಡಿ. ಡಾವೋಸ್ ಮೇಲಿನ ವೈಸ್‌ಫ್ಲೂಯೋಕ್‌ನಲ್ಲಿ, ಸುಮಾರು 2540 ಮೀಟರ್ ಎತ್ತರದಲ್ಲಿ, 1936ರಿಂದ ಹಿಮ ಅಳೆಯುತ್ತಾ ಬಂದಿದ್ದಾರೆ. ಅವರ ಗ್ರಾಫುಗಳಲ್ಲಿ ಈ ವರ್ಷದ ಗೆರೆಯ ಜೊತೆಗೆ ಹಳೆಯ ವರ್ಷಗಳ ಗರಿಷ್ಠ, ಕನಿಷ್ಠ, ನಡುವಿನ ಬೆಲೆಯನ್ನೂ ಒಟ್ಟಿಗೇ ಬರೆದಿರುತ್ತಾರೆ. ಒಮ್ಮೆ ಆ ಗ್ರಾಫ್ ಓದಲು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ.

ಆಸ್ಟ್ರಿಯಾದಲ್ಲಿ ಜಿಯೋಸ್ಫಿಯರ್ ಆಸ್ಟ್ರಿಯಾ ಇದೆ. ಹಳೆಯ ಹವಾಮಾನ ಇಲಾಖೆ ಮತ್ತು ಭೂವಿಜ್ಞಾನ ಇಲಾಖೆ ಸೇರಿ 2023ರಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ಡೇಟಾ ಹಬ್‌ನಲ್ಲಿ ಕೇಂದ್ರವಾರು ದಿನದ ಅಂಕಿ ಇಳಿಸಿಕೊಳ್ಳಬಹುದು. ಜರ್ಮನಿಗೆ ಅಲ್ಲಿನ ಹವಾಮಾನ ಇಲಾಖೆ ಡಿಡಬ್ಲ್ಯುಡಿ, ಫ್ರಾನ್ಸಿಗೆ ಅಲ್ಲಿನ ಇಲಾಖೆ ಮೆಟೆಯೊ ಫ್ರಾನ್ಸ್. ಗ್ರೆನೋಬ್ಲ್ ಹತ್ತಿರದ ಕೋಲ್ ದ ಪೋರ್ಟ್‌ನಲ್ಲಿ, 1325 ಮೀಟರ್ ಎತ್ತರದಲ್ಲಿ, 1960ರಿಂದ ಹಿಮ ಅಳೆಯುತ್ತಿದ್ದಾರೆ. ಮಧ್ಯಮ ಎತ್ತರದಲ್ಲಿ ಏನಾಗುತ್ತಿದೆ ಅಂತ ನೋಡಲು ಅದು ಒಳ್ಳೆಯ ಕನ್ನಡಿ. ಇಟಲಿಯಲ್ಲಿ ಪ್ರಾಂತ್ಯವಾರು ಹುಡುಕಬೇಕು. ದಕ್ಷಿಣ ಟಿರೋಲ್‌ನದು ಅಚ್ಚುಕಟ್ಟಾಗಿದೆ. ಭಾಷೆಯ ತೊಡಕೇನಿಲ್ಲ, ಬ್ರೌಸರೇ ಅನುವಾದ ಮಾಡಿಕೊಡುತ್ತದೆ.

ಕೇಂದ್ರ ಆರಿಸುವಾಗ ಹತ್ತಿರ ಇರುವುದಕ್ಕಿಂತ ಎತ್ತರ ಹೊಂದುವುದು ಮುಖ್ಯ. ನಿಮ್ಮ ಪಿಸ್ಟ್ 1500 ಮೀಟರ್‌ನಲ್ಲಿದ್ದರೆ, ಅದೇ ಕಣಿವೆಯ ತಳದಲ್ಲಿರುವ 600 ಮೀಟರ್‌ನ ಕೇಂದ್ರಕ್ಕಿಂತ, ಗುಡ್ಡದ ಆಚೆ 20 ಕಿಲೋಮೀಟರ್ ದೂರದ 1450 ಮೀಟರ್‌ನ ಕೇಂದ್ರ ವಾಸಿ. ಆದರೆ ಪರ್ವತದ ನೆತ್ತಿಯ ಕೇಂದ್ರಗಳನ್ನು ಬಿಡಿ. ಸ್ವಿಟ್ಜರ್ಲೆಂಡಿನ ಝೆಂಟಿಸ್ ಶಿಖರದಲ್ಲಿ 1999ರ ಏಪ್ರಿಲ್‌ನಲ್ಲಿ 816 ಸೆಂಟಿಮೀಟರ್ ಹಿಮ ಅಳೆದಿದ್ದರು. ಕೇಳಿದರೆ ಬಾಯಿ ಮೇಲೆ ಬೆರಳು. ಗಾಳಿ ತಂದು ಗುಡ್ಡೆ ಹಾಕುವ ಅಂಥ ಜಾಗದ ಸಂಖ್ಯೆಗೂ ನಿಮ್ಮ ಪಿಸ್ಟಿಗೂ ಸಂಬಂಧ ಇಲ್ಲ.

4. ಎಕ್ಸೆಲ್ ತೆಗೆಯಿರಿ

ಒಂದು ಸಾಲಿಗೆ ಒಂದು ವರ್ಷದಂತೆ, ಕಡೇ ಪಕ್ಷ 20 ವರ್ಷ, ಸಿಕ್ಕರೆ 30 ವರ್ಷ. ಪ್ರತಿ ವರ್ಷಕ್ಕೂ ನಿಮ್ಮ ವಾರದ ಏಳು ದಿನಗಳ ಆಳ ಹಾಕಿ, ಅದರ ನಡುವಿನ ಬೆಲೆ ಇಟ್ಟುಕೊಳ್ಳಿ. ಒಂದೇ ದಿನದ ಅಂಕಿ ತೆಗೆದುಕೊಂಡರೆ, ಹಿಂದಿನ ರಾತ್ರಿ ಬಿದ್ದ ಹಿಮವೇ ಲೆಕ್ಕ ಕೆಡಿಸಬಹುದು.

ಈಗ ಮುಖ್ಯ ವಿಷಯ. ಸರಾಸರಿ ನೋಡಬೇಡಿ. ಲೆಕ್ಕ ತೋರಿಸಲು ನಾನೇ ಹತ್ತು ಸಂಖ್ಯೆ ಹಾಕಿಕೊಳ್ಳುತ್ತೇನೆ, ಯಾವ ಊರಿನದೂ ಅಲ್ಲ. ಡಿಸೆಂಬರ್ ಕೊನೆಯ ವಾರದ ಆಳ, ಸೆಂಟಿಮೀಟರಿನಲ್ಲಿ: 5, 0, 40, 12, 85, 8, 30, 0, 140, 22. ಕೂಡಿಸಿ ಭಾಗಿಸಿದರೆ ಸರಾಸರಿ 34. ಪರವಾಗಿಲ್ಲ ಅನ್ನಿಸುತ್ತದೆ. ಏರಿಕೆ ಕ್ರಮದಲ್ಲಿ ಜೋಡಿಸಿ ಮಧ್ಯಾಂಕ ತೆಗೆಯಿರಿ, ಎಸ್‌ಎಸ್‌ಎಲ್‌ಸಿಯಲ್ಲಿ ಮಾಡಿದ್ದೇ. 17 ಬರುತ್ತದೆ. 30 ಸೆಂಟಿಮೀಟರ್ ಅಥವಾ ಜಾಸ್ತಿ ಇದ್ದ ವರ್ಷ ಎಣಿಸಿ: ನಾಲ್ಕು. ಅಂದರೆ ಹತ್ತು ಸಲ ಹೋದರೆ ಆರು ಸಲ ಹುಲ್ಲು. ಆ ಒಂದು 140ರ ವರ್ಷ ಉಳಿದ ಒಂಬತ್ತರ ಮಾನ ಮುಚ್ಚಿದೆ, ಅಷ್ಟೇ. ನಾನು ಹೋಗಿದ್ದ ಹಳ್ಳಿಯ ದಾಖಲೆಯನ್ನು ಆಮೇಲೆ ತೆಗೆದು ನೋಡಿದೆ. ಕಥೆ ಹೆಚ್ಚುಕಡಿಮೆ ಇದೇ. ಹೋಟೆಲಿನ ತಾಣದಲ್ಲಿ ಬರೆದಿದ್ದ ಸರಾಸರಿ ಸುಳ್ಳೇನಲ್ಲ. ಆದರೆ ಅದನ್ನು ನಂಬಿ ದುಡ್ಡು ಕಟ್ಟುವ ಹಾಗಿರಲಿಲ್ಲ.

30 ಸೆಂಟಿಮೀಟರ್ ಯಾಕೆ ಅಂದರೆ, ಆಲ್ಪ್ಸ್‌ನಲ್ಲಿ ಹಳೆಯದೊಂದು ಅಳತೆಗೋಲು ಇದೆ: ಡಿಸೆಂಬರ್ 1ರಿಂದ ಏಪ್ರಿಲ್ 15ರ ಒಳಗೆ ಕಡೇ ಪಕ್ಷ 100 ದಿನ 30 ಸೆಂಟಿಮೀಟರ್ ಹಿಮ ನಿಂತರೆ ಆ ಸ್ಕೀ ಊರನ್ನು ನಂಬಬಹುದು. ಹುಲ್ಲುಗಾವಲಿನ ಮೇಲೆ ಅಷ್ಟು ಸಾಕು. ಕಲ್ಲುಬಂಡೆಯ ಇಳಿಜಾರಿಗೆ ಇನ್ನೂ ಜಾಸ್ತಿ ಬೇಕು. ಎತ್ತರದ ಬೋಳು ಗುಡ್ಡಕ್ಕೆ ನಾನು 60ರಿಂದ 80 ಹಾಕಿಕೊಳ್ಳುತ್ತೇನೆ.

ನನ್ನ ಪಟ್ಟು ಇಷ್ಟು: ಹತ್ತರಲ್ಲಿ ಎಂಟು ವರ್ಷ ಪಾಸಾದರೆ ಕಣ್ಣು ಮುಚ್ಚಿ ಬುಕ್ ಮಾಡುತ್ತೇನೆ. ಆರೇಳು ಆದರೆ ರದ್ದು ಮಾಡಿ ದುಡ್ಡು ವಾಪಸ್ ಪಡೆಯುವ ಹಾಗಿದ್ದರೆ ಮಾತ್ರ. ಐದು ಅಥವಾ ಕಡಿಮೆ ಆದರೆ ಕೈ ಮುಗಿದು ಬೇರೆ ಊರು.

ಎರಡು ಎಚ್ಚರಿಕೆ. ಖಾಲಿ ಮನೆಯೂ ಸೊನ್ನೆಯೂ ಒಂದೇ ಅಲ್ಲ. ಅಳೆಯುವವನಿಗೆ ಜ್ವರ ಬಂದ ದಿನವನ್ನು ಎಕ್ಸೆಲ್ ಹಿಮವೇ ಇಲ್ಲದ ದಿನ ಅಂತ ತಿಳಿದುಕೊಳ್ಳಬಾರದು. ಎರಡನೆಯದು, ಕೇಂದ್ರದ ವಿವರ ಪುಟ ಓದಿ. ಮಧ್ಯೆ ಎಲ್ಲಾದರೂ ಕಂಬವನ್ನು 150 ಮೀಟರ್ ಕೆಳಗೋ ಮೇಲಕ್ಕೋ ಸಾಗಿಸಿದ್ದರೆ ಎರಡು ಕಾಲದ ಅಂಕಿಯನ್ನು ಒಂದೇ ಮಾಲೆಗೆ ಪೋಣಿಸಬೇಡಿ.

5. ಹಳೆಯ ವರ್ಷಕ್ಕೆ ಕಡಿಮೆ ತೂಕ

1970ರ ದಶಕದ ಚಳಿಗಾಲ ಇನ್ನು ಬರುವುದು ಕಷ್ಟ. ಇಟಲಿಯ ಬೋಲ್ಜಾನೊದ ಯೂರಾಕ್ ಸಂಸ್ಥೆಯವರ ಮುಂದಾಳತ್ವದಲ್ಲಿ ಆರು ದೇಶಗಳ 2000ಕ್ಕೂ ಹೆಚ್ಚು ಕೇಂದ್ರಗಳ ದಾಖಲೆ ಒಟ್ಟುಗೂಡಿಸಿ, 1971ರಿಂದ 2019ರವರೆಗಿನ ಬದಲಾವಣೆಯನ್ನು 2021ರಲ್ಲಿ ಪ್ರಕಟಿಸಿದರು. 2000 ಮೀಟರ್‌ಗಿಂತ ಕೆಳಗೆ ಹಿಮ ನಿಲ್ಲುವ ಕಾಲ 22ರಿಂದ 34 ದಿನ ಕುಗ್ಗಿದೆ. ಒಂದು ತಿಂಗಳು! 2007ರಲ್ಲಿ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿಯ ವರದಿ ಇನ್ನೊಂದು ಲೆಕ್ಕ ಕೊಟ್ಟಿತ್ತು: ಆಲ್ಪ್ಸ್‌ನ 666 ಸ್ಕೀ ಪ್ರದೇಶಗಳಲ್ಲಿ ಆಗ 609 ನಂಬಲು ಯೋಗ್ಯ. ಒಂದು ಡಿಗ್ರಿ ಬಿಸಿಯಾದರೆ 500, ಎರಡು ಡಿಗ್ರಿಗೆ 404. ಪ್ರತಿ ಡಿಗ್ರಿಗೆ ಹಿಮದ ಗೆರೆ 150 ಮೀಟರ್ ಮೇಲೇರುತ್ತದೆ ಅನ್ನುವುದು ಅದರ ಅಂದಾಜು.

ನೀವು ಮಾಡಬೇಕಾದ್ದು ಸುಲಭ. ಪಟ್ಟಿಯನ್ನು ಎರಡು ಭಾಗ ಮಾಡಿ, ಕೊನೆಯ 15 ವರ್ಷವನ್ನು ಬೇರೆ ಎಣಿಸಿ. ಎರಡೂ ಭಾಗದಲ್ಲಿ ಹತ್ತಕ್ಕೆ ಎಂಟು ಬಂದರೆ ಸರಿ. ಹಳೆಯದರಲ್ಲಿ ಒಂಬತ್ತು, ಹೊಸದರಲ್ಲಿ ಐದು ಬಂದರೆ ಹೊಸದನ್ನೇ ನಂಬಿ. ಹಾಗಂತ ಬರೀ ಐದು ವರ್ಷ ನೋಡುವುದೂ ತಪ್ಪು. ಐದು ವರ್ಷದಲ್ಲಿ ಅದೃಷ್ಟ ಯಾವುದು, ಸ್ವಭಾವ ಯಾವುದು ಅಂತ ತಿಳಿಯುವುದಿಲ್ಲ.

6. ಗುಡ್ಡದ ಯಾವ ಮಗ್ಗುಲು?

ಇದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗುಂಬೆಯಲ್ಲಿ ಧೋ ಅಂತ ಸುರಿಯುವಾಗ ಚಿತ್ರದುರ್ಗದಲ್ಲಿ ಬಿಸಿಲು. ಆಲ್ಪ್ಸ್‌ನಲ್ಲೂ ಹಾಗೇ, ಆದರೆ ಅಲ್ಲಿ ಗಾಳಿ ಒಂದೇ ದಿಕ್ಕಿನಿಂದ ಬರುವುದಿಲ್ಲ. ವಾಯವ್ಯದಿಂದ ಬಂದರೆ ಉತ್ತರದ ಅಂಚಿಗೆ ಸುಗ್ಗಿ: ಆರ್ಲ್‌ಬರ್ಗ್, ಬ್ರೆಗೆನ್ಸ್ ಕಾಡು, ಸಾಲ್ಜ್‌ಬರ್ಗ್ ಕಡೆ. ಮೆಡಿಟರೇನಿಯನ್ ಕಡೆಯಿಂದ ಒದ್ದೆ ಗಾಳಿ ಬಂದರೆ ದಕ್ಷಿಣದ ಮಗ್ಗುಲಿಗೆ: ಇಟಲಿಯ ಡೊಲೊಮೈಟ್ಸ್, ಆಸ್ಟ್ರಿಯಾದ ಪೂರ್ವ ಟಿರೋಲ್, ಸ್ವಿಟ್ಜರ್ಲೆಂಡಿನ ಟಿಚಿನೊ. ಒಂದು ಕಡೆ ಹಬ್ಬ ಆದಾಗ ಇನ್ನೊಂದು ಕಡೆ ಉಪವಾಸ. 2013–14ರ ಚಳಿಗಾಲದಲ್ಲಿ ದಕ್ಷಿಣದಲ್ಲಿ ಮನೆ ಮುಳುಗುವಷ್ಟು ಬಿತ್ತು, ಉತ್ತರ ಒಣಗಿತ್ತು. 2019ರ ಜನವರಿಯಲ್ಲಿ ಉಲ್ಟಾ: ಉತ್ತರದಲ್ಲಿ ರಸ್ತೆ ಮುಚ್ಚಿ ಊರುಗಳು ಸಿಕ್ಕಿಹಾಕಿಕೊಂಡವು, ದಕ್ಷಿಣದಲ್ಲಿ ಕಡಿಮೆ.

ಹಾಗಾಗಿ ಎರಡು ಊರು ಆರಿಸಿಟ್ಟುಕೊಳ್ಳುವುದಾದರೆ ಎರಡೂ ಒಂದೇ ಮಗ್ಗುಲಿನಲ್ಲಿ ಬೇಡ. ಒಂದು ಉತ್ತರ, ಒಂದು ದಕ್ಷಿಣ ಇರಲಿ.

ಮಧ್ಯದ ಒಳ ಕಣಿವೆಗಳ ರೀತಿಯೇ ಬೇರೆ. ಸ್ವಿಟ್ಜರ್ಲೆಂಡಿನ ಎಂಗಡೀನ್, ವಾಲೇ, ಓಬರ್‌ಗುರ್ಗ್ಲ್ ಇರುವ ಓಟ್ಜ್ ಕಣಿವೆಯ ಮೇಲ್ಭಾಗ. ಎರಡೂ ಕಡೆಯ ಗುಡ್ಡಗಳು ಮೋಡವನ್ನು ಹಿಂಡಿ ಕಳಿಸುವುದರಿಂದ ಇಲ್ಲಿಗೆ ಬರುವುದು ಕಡಿಮೆ. ಹೊಸ ಹಿಮದ ಪಟ್ಟಿಯಲ್ಲಿ ಇವು ಕೆಳಗಿರುತ್ತವೆ. ಆದರೆ ಎತ್ತರ ಇದೆ, ಚಳಿ ಇದೆ, ಬಿದ್ದದ್ದು ಕರಗುವುದಿಲ್ಲ. ಕೈಗೆ ಬರುವ ಸಂಬಳ ಸಣ್ಣದು, ಖರ್ಚೂ ಸಣ್ಣದು. ಕ್ರಿಸ್ಮಸ್‌ಗೆ ಹೋಗುವವರಿಗೆ ನಾನು ಇವನ್ನೇ ಹೇಳುವುದು.

7. ಚಳಿಯ ದಾಖಲೆಯನ್ನೂ ನೋಡಿ

ಈಗ ಎಷ್ಟೋ ಊರುಗಳು ನಡೆಯುವುದು ಸ್ನೋ ಕ್ಯಾನನ್, ಅಂದರೆ ಹಿಮ ಉಗುಳುವ ಯಂತ್ರದ ಮೇಲೆ. ಡೊಲೊಮೈಟ್ಸ್‌ನಲ್ಲಂತೂ ಹೆಚ್ಚುಕಡಿಮೆ ಎಲ್ಲ ಪಿಸ್ಟಿಗೂ ಇದೆ. ಒಂದು ಹೆಕ್ಟೇರಿಗೆ 30 ಸೆಂಟಿಮೀಟರ್ ಹಾಸಲು ಸುಮಾರು ಹತ್ತು ಲಕ್ಷ ಲೀಟರ್ ನೀರು ಬೇಕು. ಬೆಂಗಳೂರಿನ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 83 ಟ್ಯಾಂಕರ್. ಅದು ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ಕಲಿಯುವವರಿಗೆ ಈ ಹಿಮ ಧಾರಾಳ ಸಾಕು.

ಆದರೆ ಯಂತ್ರಕ್ಕೂ ಚಳಿ ಬೇಕು. ಗಾಳಿ ಒಣಗಿದ್ದರೆ ಹನಿಗಳು ಆವಿಯಾಗುತ್ತಾ ತಾವೇ ತಣ್ಣಗಾಗುತ್ತವೆ, ಬೇಸಿಗೆಯ ಮಡಕೆ ನೀರಿನ ಹಾಗೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಮೈನಸ್ 2 ಅಥವಾ 3 ಡಿಗ್ರಿಗೆ ಇಳಿದರೆ ಯಂತ್ರ ಕೆಲಸ ಮಾಡುತ್ತದೆ. ಹಾಗಾಗಿ ಅದೇ ಕೇಂದ್ರದ ತಾಪಮಾನದ ಕಾಲಂ ತೆಗೆದು, ನೀವು ಹೋಗುವ ಮುಂಚಿನ ಮೂರು ವಾರಗಳಲ್ಲಿ ರಾತ್ರಿಯ ಉಷ್ಣಾಂಶ ಮೈನಸ್ 4ಕ್ಕಿಂತ ಕೆಳಗೆ ಹೋದ ರಾತ್ರಿಗಳನ್ನು ವರ್ಷವಾರು ಎಣಿಸಿ. ಹೆಚ್ಚಿನ ವರ್ಷ ಹತ್ತು ರಾತ್ರಿ ಸಿಕ್ಕರೆ, ಆಕಾಶ ಕೈ ಕೊಟ್ಟರೂ ಕಲಿಯುವ ಇಳಿಜಾರು ಬಿಳಿ ಇರುತ್ತದೆ. ಇದು ನನ್ನ ಸ್ವಂತ ಅಂದಾಜು. ಇದುವರೆಗೆ ಕೈ ಕೊಟ್ಟಿಲ್ಲ.

8. ಕಣ್ಣಿನಿಂದಲೂ ನೋಡಿ

ಆಲ್ಪ್ಸ್‌ನ ಗುಡ್ಡಗುಡ್ಡದಲ್ಲೂ ವೆಬ್‌ಕ್ಯಾಮ್. ಕೆಲವು ಜಾಲಗಳು ಹಳೆಯ ಚಿತ್ರಗಳನ್ನೂ ಉಳಿಸಿಟ್ಟಿವೆ. ಫೋಟೊ-ವೆಬ್‌ಕ್ಯಾಮ್ ಮತ್ತು ಪ್ಯಾನೊಮ್ಯಾಕ್ಸ್ ತಾಣಗಳಲ್ಲಿ ದಿನಾಂಕ ಬದಲಿಸಿ ಹಿಂದಕ್ಕೆ ಹೋಗಬಹುದು. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದ ಪುಕ್ಕಟೆ ಸಿಗುತ್ತವೆ. ಸಂಖ್ಯೆ ಹೇಳದ ಒಂದು ವಿಷಯ ಇಲ್ಲಿ ಕಾಣುತ್ತದೆ: ಒಂದೇ ಎತ್ತರದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಬೆಳ್ಳಗಿದ್ದರೆ, ದಕ್ಷಿಣದ್ದು ಮಾರ್ಚ್ ಮಧ್ಯಕ್ಕೇ ಕಂದು. ಕಳೆದ ಆರೇಳು ವರ್ಷದ ನಿಮ್ಮ ವಾರದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಮನೆಯವರಿಗೆ ತೋರಿಸಿ. ಎಕ್ಸೆಲ್ ನೋಡಿ ಆಕಳಿಸುವವರೂ ಇದನ್ನು ನೋಡುತ್ತಾರೆ.

9. ವಾರ ಯಾವುದು

ಸಿನಿಮಾ, ಶುಭಾಶಯ ಪತ್ರ ನೋಡಿ ಕ್ರಿಸ್ಮಸ್ ಅಂದರೆ ಹಿಮ ಅಂತ ತಲೆಗೆ ಹೊಕ್ಕಿದೆ. ದಾಖಲೆ ಬೇರೆ ಹೇಳುತ್ತದೆ. ಡಿಸೆಂಬರ್ ಕೊನೆಯಲ್ಲಿ ಹಿಮ ಇನ್ನೂ ಸೇರುತ್ತಿರುತ್ತದೆ. 1500 ಮೀಟರ್ ಸುಮಾರಿನಲ್ಲಿ ಅದು ತುಂಬಿಕೊಳ್ಳುವುದು ಫೆಬ್ರವರಿಯಲ್ಲಿ, ಮಾರ್ಚ್ ಶುರುವಿನಲ್ಲಿ. ವೈಸ್‌ಫ್ಲೂಯೋಕ್‌ನಂಥ ಎತ್ತರದಲ್ಲಿ ಅತಿ ಆಳ ಕಾಣುವುದು ಏಪ್ರಿಲ್‌ನಲ್ಲಿ! ಮಾರ್ಚ್‌ನಲ್ಲಿ ಹಗಲು ಉದ್ದ, ಚಳಿ ಕಡಿಮೆ, ಮಕ್ಕಳ ಮೂಗು ಸೋರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹಿಮ ಅಂಬಲಿಯಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೇ ಶುರು ಮಾಡಿ ಒಂದು ಗಂಟೆಗೆ ಮುಗಿಸಿದರೆ ಆಯಿತು.

ಫೆಬ್ರವರಿಯ ತೊಂದರೆ ಜನ ಮತ್ತು ದರ. ಫ್ರಾನ್ಸಿನ ಶಾಲೆಗಳಿಗೆ ಮೂರು ವಲಯಗಳಲ್ಲಿ ಸರದಿಯ ರಜೆ, ಆಸ್ಟ್ರಿಯಾ, ಬವೇರಿಯಾದ ರಜೆಯೂ ಆಗಲೇ. ರಜೆಯ ಪಟ್ಟಿ ನೋಡಿ ಅವುಗಳ ಮಧ್ಯದ ಸಂದು ಹುಡುಕಿ. ಈಸ್ಟರ್‌ಗೆ ಹೋಗುವವರು ಹಬ್ಬದ ಹೆಸರಿನಲ್ಲಿ ಲೆಕ್ಕ ಮಾಡಬೇಡಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ. ಸುಮಾರು ಮೂರು ವಾರದ ವ್ಯತ್ಯಾಸದಲ್ಲಿ ಕೆಳಗಿನ ಊರುಗಳು ಮುಚ್ಚಿಯೇ ಹೋಗಿರುತ್ತವೆ. ಯಾವಾಗಲೂ ತಾರೀಖನ್ನೇ ಹೋಲಿಸಿ.

10. ದುಡ್ಡು ಕಟ್ಟುವ ಮುಂಚೆ

ದಾಖಲೆ ಭವಿಷ್ಯ ಹೇಳುವುದಿಲ್ಲ. ಹತ್ತರಲ್ಲಿ ಎಂಟು ಅಂದರೆ ಎರಡು ಸಲ ಸೋಲು ಅಂತಲೂ ಅರ್ಥ. ಅದಕ್ಕೇ ಬುಕಿಂಗಿನಲ್ಲಿ ಜಾಗ ಇಟ್ಟುಕೊಳ್ಳಿ. ವಿಮಾನ ಅಥವಾ ರೈಲನ್ನು ಮ್ಯೂನಿಕ್, ಜ್ಯೂರಿಕ್‌ನಂಥ ದೊಡ್ಡ ಊರಿಗೆ ಮಾಡಿ. ಅಲ್ಲಿಂದ ಎರಡು ಮೂರು ದಿಕ್ಕಿಗೆ ಹೋಗಬಹುದು. ರೂಮು ರದ್ದು ಮಾಡಬಹುದಾದ ದರದಲ್ಲೇ ಹಿಡಿಯಿರಿ, ಸ್ವಲ್ಪ ಜಾಸ್ತಿ ಆದರೂ. ಸ್ಕೀ ಪಾಸನ್ನು ಮುಂಗಡ ರಿಯಾಯಿತಿಯ ಆಸೆಗೆ ತಿಂಗಳುಗಟ್ಟಲೆ ಮೊದಲೇ ಕೊಳ್ಳಬೇಡಿ. ಹೊರಡುವ ಹತ್ತು ದಿನ ಮುಂಚೆ ಈ ವರ್ಷದ ಗೆರೆಯನ್ನು ಹಳೆಯ ಗೆರೆಗಳ ಜೊತೆ ಇಟ್ಟು ನೋಡಿ. ನಡುವಿನ ಗೆರೆಗಿಂತ ತೀರಾ ಕೆಳಗಿದ್ದು, ಮುನ್ಸೂಚನೆಯಲ್ಲೂ ಹಿಮ ಇಲ್ಲದಿದ್ದರೆ ಎರಡನೇ ಊರಿಗೆ ಬದಲಿಸಿ.

ಬೆಂಗಳೂರಿನಿಂದ ಬರುವವರಿಗೆ ಷೆಂಗೆನ್ ವೀಸಾ ಬೇಕಲ್ಲ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಹಾಗಾಗಿ ಉತ್ತರ, ದಕ್ಷಿಣ ಎರಡೂ ಊರುಗಳು ಒಂದೇ ದೇಶದಲ್ಲಿರುವಂತೆ ಆರಿಸಿದರೆ ತಲೆನೋವು ಕಡಿಮೆ. ಆಸ್ಟ್ರಿಯಾದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಎರಡು ಮಗ್ಗುಲೂ ಸಿಗುತ್ತವೆ. ವೀಸಾಕ್ಕೆ 30,000 ಯೂರೋ ವಿಮೆ ಕಡ್ಡಾಯ. ಅದರಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಸಣ್ಣಕ್ಷರ ಓದಿ, ಅನೇಕ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಇನ್ನೊಂದು ಮಾತು. ಜಾಸ್ತಿ ಹಿಮ ಅಂದರೆ ಒಳ್ಳೆಯ ವಾರ ಅಂತಲೇ ಅಲ್ಲ. 1999ರ ಫೆಬ್ರವರಿಯಲ್ಲಿ ವಾರಗಟ್ಟಲೆ ಸುರಿದ ಮೇಲೆ ಆಸ್ಟ್ರಿಯಾದ ಗಾಲ್ಟ್ಯೂರ್ ಮತ್ತು ವಾಲ್ಜೂರ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ 38 ಜನ ಸತ್ತರು. ದಿನಾ ಬೆಳಿಗ್ಗೆ ಹಿಮಕುಸಿತದ ಎಚ್ಚರಿಕೆ ನೋಡಿ, 1ರಿಂದ 5ರವರೆಗೆ ಮಟ್ಟ ಇರುತ್ತದೆ. ಗುರುತು ಹಾಕಿದ ಪಿಸ್ಟ್ ಬಿಟ್ಟು ಆಚೆ ಹೋಗಬೇಡಿ.

ಮೊನ್ನೆ ಬೆಂಗಳೂರಿನಿಂದ ಗೆಳೆಯ ಫೋನ್ ಮಾಡಿದ್ದ. "ಗುರೂ, ಡಿಸೆಂಬರ್ ಕೊನೇ ವಾರ ಬರ್ತೀವಿ, ಆಗ್ಲೇ ರಜ ಸಿಗೋದು. ನೀನು ಹೋಗಿದ್ಯಲ್ಲ, ಆ ಹಳ್ಳಿ ಚೆನ್ನಾಗಿತ್ತು ಫೋಟೋದಲ್ಲಿ." ಬೇಡ ಮಾರಾಯ ಅಂದೆ. ಇಬ್ಬರು ಮಕ್ಕಳು, ನಾಲ್ವರೂ ಹೊಸಬರು. 1900 ಮೀಟರ್‌ಗಿಂತ ಮೇಲಿರುವ, ಕಲಿಯುವ ಇಳಿಜಾರೂ ಅದೇ ಎತ್ತರದಲ್ಲಿರುವ ಎರಡು ಊರಿನ ಹೆಸರು, ಜೊತೆಗೆ 20 ವರ್ಷದ ಎಕ್ಸೆಲ್ ಕಳಿಸಿದೆ. ರಾತ್ರಿ ಮೆಸೇಜ್ ಬಂತು: "ಎರಡನೇ ಊರಲ್ಲಿ 2016ರ ಸಾಲು ಯಾಕೆ ಅಷ್ಟು ಕಮ್ಮಿ?" ಆ ಡಿಸೆಂಬರ್ ಸ್ವಿಟ್ಜರ್ಲೆಂಡಿನಲ್ಲಿ ತೀರಾ ಒಣಗಿತ್ತು ಅಂತ ಉತ್ತರ ಹಾಕಿದೆ. ಅವನು ಪಟ್ಟಿಯನ್ನು ಸಾಲುಸಾಲಾಗಿ ಓದಿದ್ದ. ರೂಮು ಹಿಡಿದಾಯಿತಂತೆ, ರದ್ದು ಮಾಡಬಹುದಾದ ದರದಲ್ಲಿ.